ತರಕಾರಿಗೆಂದು ಮೂರು ಸೆಂಟ್ಸ್ ಗದ್ದೆ ತೆಗೆದುಕೊಳ್ಳುವ ಮೊದಲು

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಫ್ಲಾಟಿಗೆ ಬಂದು ಒಂದು ವರ್ಷವಾಗಿದೆ. ಹತ್ತಿರದ ಬೈಲಿನಲ್ಲಿ ಹತ್ತು ಹನ್ನೆರಡು ಮನೆಯವರು ಸೇರಿ ಒಂದು ಗದ್ದೆ ಹಂಚಿಕೊಂಡು ತರಕಾರಿ ಮಾಡುತ್ತಾರೆ. ನಿಮಗೂ ಮೂರು ಸೆಂಟ್ಸ್ ಕೊಡುತ್ತೇವೆ ಎಂದಿದ್ದಾರೆ. ಇಂಗ್ಲೆಂಡಿನಲ್ಲಿರುವ ನಿಮ್ಮ ತಂಗಿಗೆ ಇಂಥದ್ದೇ ಒಂದು ತುಂಡು ಭೂಮಿ ಇದೆ, ಅವಳ ಕೈಯಲ್ಲಿ ಪುಟಗಟ್ಟಲೆ ಕರಾರು ಇದೆ. ಇಲ್ಲಿ ಒಂದು ಚೀಟಿಯೂ ಇಲ್ಲ. ಹಾಗಾದರೆ ನಿಯಮ ಏನು, ನಮ್ಮ ಹೊಣೆ ಏನು?

ನಾನು ಕುಂಬಳೆ ಕಡೆಯವನು. ಆರು ವರ್ಷದಿಂದ ಇಂಥ ಗುಂಪಿನಲ್ಲಿದ್ದೇನೆ. ಒಂದು ಗದ್ದೆ ಕಳೆದುಕೊಂಡೂ ಆಗಿದೆ. ಅದರ ಕಥೆ ಮುಂದೆ ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬರುವುದು ಅದೇ.

ನಿಮ್ಮ ತಂಗಿಯ ಊರಿನ ಲೆಕ್ಕ ಬೇರೆ. ಅಲ್ಲಿ 1908ರ ಕಾನೂನಿನ ಪ್ರಕಾರ ಜನ ಕೇಳಿದರೆ ಜಾಗ ಒದಗಿಸುವುದು ಸ್ಥಳೀಯ ಕೌನ್ಸಿಲಿನ ಕೆಲಸ. ಅಳತೆಯೂ ಹಳೆಯದು, ಹತ್ತು ರಾಡ್. ನಮ್ಮ ಲೆಕ್ಕದಲ್ಲಿ ಆರೂಕಾಲು ಸೆಂಟ್ಸ್. ಸಾಮಾನ್ಯವಾಗಿ ಬಿಡಿಸಬೇಕಾದರೆ ಒಂದು ವರ್ಷದ ನೋಟಿಸು ಕೊಡಬೇಕು, ಆ ಅವಧಿ ಏಪ್ರಿಲ್ 6ರಿಂದ ಸೆಪ್ಟೆಂಬರ್ 29ರ ನಡುವೆ ಮುಗಿಯುವಂತಿಲ್ಲ. ಅಲ್ಲಿ ಬೆಳೆ ನಿಂತಿರುವ ಕಾಲ ಅದು. ಒಳ್ಳೆಯ ನಿಯಮ. ನಾವು ಇಲ್ಲಿ ಅದನ್ನೇ ನಮ್ಮ ಕಾಲಕ್ಕೆ ಹೊಂದಿಸಿಕೊಂಡಿದ್ದೇವೆ: ದೀಪಾವಳಿಗೆ ಗದ್ದೆ ಕೈಗೆ ಬರುತ್ತದೆ, ಏಪ್ರಿಲ್ ನಡುವಿನ ಬಿಸು ಹಬ್ಬಕ್ಕೆ ಬಿಟ್ಟುಕೊಡಬೇಕು, ನಡುವೆ ಯಾರೂ ಏಳಿಸುವಂತಿಲ್ಲ.

ಇಲ್ಲಿ ಚೀಟಿ ಯಾಕಿಲ್ಲ ಅಂದರೆ, ಹೆದರಿಕೆಯಿಂದ. 1963ರ ಕೇರಳ ಭೂಸುಧಾರಣೆ ಕಾನೂನಿನ 74ನೇ ಸೆಕ್ಷನ್ ಹೊಸದಾಗಿ ಗೇಣಿ ಕೊಡುವುದನ್ನೇ ನಿಷೇಧಿಸಿದೆ. ಅದಕ್ಕಿಂತ ಹಿಂದೆ ಒಕ್ಕಲುಗಳ ಕೈಯಲ್ಲಿದ್ದ ಜಮೀನಿನ ಹಕ್ಕು 1970ರ ಜನವರಿ 1ರಿಂದ ಸರಕಾರಕ್ಕೆ ಸೇರಿ, ಒಕ್ಕಲುಗಳು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ದಾರಿ ತೆರೆಯಿತು. ನಮ್ಮ ಅಜ್ಜನಿಗೆ ಮನೆ ಅಡಿಯ ಜಾಗ ಸಿಕ್ಕಿದ್ದು ಆ ಕಾನೂನಿನಿಂದಲೇ. ಹಾಗಾಗಿ ನಾನು ಅದನ್ನು ಬಯ್ಯುವುದಿಲ್ಲ. ಆದರೆ ಗದ್ದೆ ಇದ್ದವರ ಮನೆಯಲ್ಲಿ ಆ ನೆನಪು ಇನ್ನೂ ಹಸಿಯಾಗಿದೆ. ಎಷ್ಟೋ ಗದ್ದೆಗಳು ಬೇಸಾಯವಿಲ್ಲದೆ ಸುಮ್ನೆ ಹಡಿಲು ಬಿದ್ದಿರುವುದಕ್ಕೆ ಕೆಲಸದವರು ಸಿಗದೆ ಇರುವುದು ಒಂದು ಕಾರಣ, ಇದು ಇನ್ನೊಂದು. ಕೇರಳ ಸರಕಾರದ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಹೆಂಗಸರು ಗುಂಪಾಗಿ ಗದ್ದೆ ಹಿಡಿದು ಬೇಸಾಯ ಮಾಡುವುದನ್ನು ಎಲ್ಲ ಕಡೆ ನೋಡುತ್ತೀರಿ. ಅದು ನಡೆಯುವುದೂ ಹೆಚ್ಚಾಗಿ ನಂಬಿಕೆಯ ಮೇಲೆ.

ಈಗ ನಮ್ಮ ಮೊದಲ ಗದ್ದೆಯ ವಿಷಯ. ಅದರ ಯಜಮಾನರು ಎಂಬತ್ತು ದಾಟಿದ ಅಜ್ಜ. ಕೊಡುವಾಗ ಒಂದೇ ಮಾತು ಹೇಳಿದ್ದರು: "ತರಕಾರಿ ಎಷ್ಟು ಬೇಕಾದರೂ ಮಾಡಿ ಮಕ್ಕಳೇ, ಬೇರು ಬಿಡುವಂಥದ್ದು ಬೇಡ." ನಾವು ತಲೆಯಾಡಿಸಿದೆವು. ಎರಡನೇ ವರ್ಷ ನಮ್ಮಲ್ಲೊಬ್ಬರು ಹಾರೆ, ಪೈಪು ಇಡಲೆಂದು ತಗಡಿನ ಸಣ್ಣ ಶೆಡ್ಡು ಹಾಕಿದರು. ಯಾರೂ ಏನೂ ಹೇಳಲಿಲ್ಲ. ಆಮೇಲೆ ಹುಣಿಯ, ಅಂದರೆ ಗದ್ದೆಯ ಬದುವಿನ, ಬದಿಯಲ್ಲಿ ಎರಡು ತೆಂಗಿನ ಸಸಿ ನೆಟ್ಟರು. ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಸಸಿ ಉಳಿದಿತ್ತು, ನೆಟ್ಟರು ಅಷ್ಟೇ. ಅಜ್ಜ ಒಂದು ದಿನ ಊರುಗೋಲು ಹಿಡಿದು ಬಂದು ನೋಡಿದರು. ಜಗಳ ಮಾಡಲಿಲ್ಲ. ಬಿಸು ಕಳೆದ ಮೇಲೆ "ಮುಂದಿನ ವರ್ಷ ಬೇಡ" ಎಂದರು. ಸಸಿ ಕಿತ್ತು, ಶೆಡ್ಡು ಬಿಚ್ಚಿ, ನಾಲ್ಕು ಸಲ ಮನೆಗೆ ಹೋಗಿ ಬೇಡಿಕೊಂಡೆವು. ಕಾಫಿ ಕೊಟ್ಟು ಕಳಿಸಿದರು. ಆ ಗದ್ದೆ ಇವತ್ತಿಗೂ ಹಡಿಲು.

ತೆಂಗಿಗೆ ಇನ್ನೊಂದು ತೊಡಕೂ ಇದೆ. ಗದ್ದೆಯ ಸ್ವರೂಪ ಬದಲಿಸುವುದಕ್ಕೆ 2008ರ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣೆ ಕಾನೂನು ಅಡ್ಡ ಬರುತ್ತದೆ. ಗದ್ದೆಯ ಗುಣ ಕೆಡಿಸದೆ ನಡುವಿನ ಬೆಳೆಯಾಗಿ ಅಲಸಂಡೆ, ಸೌತೆ ಮಾಡಿದರೆ ತೊಂದರೆ ಇಲ್ಲ. ಮಣ್ಣು ತುಂಬಿಸಿ ಎತ್ತರ ಮಾಡುವುದು, ನೀರು ಹರಿಯುವ ಕಣಿ ಮುಚ್ಚುವುದು ಮಾಡಿದರೆ ಸಿಕ್ಕಿಬೀಳುವವರು ಯಜಮಾನರು. ನೀವು ಮಳೆ ಬಂದ ಕೂಡಲೇ ಫ್ಲಾಟಿಗೆ ಹೋಗುತ್ತೀರಿ, ಅವರು ಕಚೇರಿಗೆ ಅಲೆಯಬೇಕು.

ಈಗಿನ ಗದ್ದೆಗೆ ನಾವು ಒಂದು ಪುಟ ಬರೆದಿಟ್ಟಿದ್ದೇವೆ, ಕನ್ನಡದಲ್ಲೇ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾರಿಗೆ ಎಷ್ಟು ಸೆಂಟ್ಸ್, ಒಂದು ಋತುವಿನ ತರಕಾರಿಗೆ ಮಾತ್ರ, ಮರ ಇಲ್ಲ, ಕಟ್ಟಡ ಇಲ್ಲ, ಬೇರೆಯವರಿಗೆ ದಾಟಿಸುವಂತಿಲ್ಲ. 'ಗೇಣಿ' ಎಂಬ ಶಬ್ದ ಅದರಲ್ಲಿಲ್ಲ. ಹಾಗಂತ ಶಬ್ದ ಬಿಟ್ಟರೆ ಕಾನೂನು ತಪ್ಪಿಸಿದಂತೆ ಎಂದುಕೊಳ್ಳಬೇಡಿ, ಕೋರ್ಟು ನೋಡುವುದು ಏನು ನಡೆದಿದೆ ಎಂಬುದನ್ನು. ದೊಡ್ಡ ಜಾಗವಾದರೆ ವಕೀಲರನ್ನು ಕೇಳಿ. ಮೂರು ಸೆಂಟ್ಸಿಗೆ ಈ ಪುಟದ ಉಪಯೋಗ ಎಂದರೆ ಯಜಮಾನರ ಮನೆಯ ಮಕ್ಕಳಿಗೂ ವಿಷಯ ಗೊತ್ತಿರುತ್ತದೆ. ಗದ್ದೆ ಕೊಡುವವರು ಅಜ್ಜ, ತಕರಾರು ತೆಗೆಯುವವರು ದುಬೈಯಲ್ಲಿರುವ ಮಗ. ಹೆಚ್ಚಾಗಿ ಆಗುವುದು ಹೀಗೆಯೇ ಅಲ್ವಾ?

ದುಡ್ಡಿನ ವಿಷಯ ದೊಡ್ಡದಲ್ಲ. ನಾವು ಮೂರು ಸೆಂಟ್ಸಿಗೆ ಋತುವಿಗೆ 500 ರೂಪಾಯಿ ಕೊಡುತ್ತೇವೆ, ಜತೆಗೆ ವಾರಕ್ಕೊಮ್ಮೆ ಯಜಮಾನರ ಮನೆಗೆ ಒಂದು ಚೀಲ ತರಕಾರಿ. ಪಂಪಿನ ಕರೆಂಟು ಯಾರ ಮೀಟರಿನದ್ದು, ಬಿಲ್ಲು ಹೇಗೆ ಹಂಚುವುದು ಎಂದು ಮಾತ್ರ ಮೊದಲೇ ಕೇಳಿಬಿಡಿ.

ನಿಜವಾದ ಹೊಣೆ ಇರುವುದು ನೀರಿನಲ್ಲಿ. ನಮ್ಮಲ್ಲಿ ಮಳೆ ಸುರಿಯುವಾಗ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುತ್ತದೆ, ಆದರೂ ಮಾರ್ಚಿನಲ್ಲಿ ತೋಡು ಬತ್ತುತ್ತದೆ. ಮುರಕಲ್ಲಿನ ಗುಡ್ಡೆ, ನೀರು ನಿಲ್ಲುವುದಿಲ್ಲ. ಅದಕ್ಕೇ ಮಳೆ ಮುಗಿದ ಮೇಲೆ ತೋಡಿಗೆ ಅಡ್ಡ ಕಟ್ಟ ಹಾಕುತ್ತಾರೆ. ಕಟ್ಟ ಹಾಕುವ ದಿನ ಪ್ರತಿ ಮನೆಯಿಂದ ಒಬ್ಬರು ಬರಲೇಬೇಕು. ಬರಲಾಗದಿದ್ದರೆ ಒಂದಾಳಿನ ಸಂಬಳ ಕೊಡಬೇಕು. ಆಫೀಸಿನವರು ಸಂಬಳ ಕೊಟ್ಟು ಬಚಾವಾಗಲು ನೋಡುತ್ತಾರೆ, ಮೊದಲ ವರ್ಷ ನಾನೂ ಹಾಗೇ ಮಾಡಿದ್ದೆ. ಬೇಡ. ಮಣ್ಣು ಹೊರುವಾಗ ಜತೆಗಿದ್ದವರಿಗೆ ಫೆಬ್ರವರಿಯಲ್ಲಿ ನೀರಿನ ಸರದಿ ತಪ್ಪಿದರೆ ಯಾರಾದರೂ ಬಿಟ್ಟುಕೊಡುತ್ತಾರೆ. ದುಡ್ಡು ಕೊಟ್ಟವನಿಗೆ ಬಿಡುವುದಿಲ್ಲ. ಸರದಿ ಎಂದರೆ ಸರದಿ, ಬೆಳಿಗ್ಗೆ ಆರೂವರೆ ಎಂದರೆ ಆರೂವರೆ.

ಎರಡನೆಯದು ರೋಗ, ಹುಳ. ಮನೆ ಹಿತ್ತಿಲಿನಲ್ಲಾದರೆ ನಿಮ್ಮ ಸೋಮಾರಿತನ ನಿಮಗೇ. ಇಲ್ಲಿ ಹಾಗಲ್ಲ. ಕೊಳೆತ ಹಾಗಲಕಾಯಿಯನ್ನು ಕೊಯ್ದು ಹುಣಿಯ ಮೇಲೆ ಎಸೆದರೆ ಅದರೊಳಗಿನ ಹುಳ ಮಣ್ಣಿಗಿಳಿದು, ನೊಣವಾಗಿ, ಹನ್ನೊಂದು ಮನೆಯವರ ಪಡುವಲಕ್ಕೆ ಹೋಗುತ್ತದೆ. ಹಾಳಾದ ಕಾಯಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ, ಅಥವಾ ಆಳವಾಗಿ ಹೂತುಬಿಡಿ. ತೆಂಗಿನ ಚಿಪ್ಪಿನಲ್ಲಿ ತುಳಸಿ ರಸ ಇಡಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದಕ್ಕೆ ಬೀಳುವುದು ಮಾವಿನ ನೊಣ. ಹಾಗಲ, ಹೀರೆಯ ನೊಣಕ್ಕೆ ಕ್ಯೂ ಲ್ಯೂರ್ ಎಂಬ ಬೇರೆ ಬಲೆ ಬೇಕು. ಬೆಂಡೆಯ ಎಲೆಯ ನರ ಹಳದಿಯಾದರೆ ಆ ಗಿಡವನ್ನು ಅವತ್ತೇ ಕಿತ್ತುಬಿಡಿ. ಕಾಯಿ ಬಿಡುತ್ತಿದೆಯಲ್ಲ ಎಂದು ಉಳಿಸಿದರೆ ಬಿಳಿನೊಣ ಆ ರೋಗವನ್ನು ಪಕ್ಕದವರ ಸಾಲಿಗೆ ಹೊತ್ತೊಯ್ಯುತ್ತದೆ.

ವಿಷದ ಔಷಧಿ ಹೊಡೆಯುವಂತಿಲ್ಲ. ಇದು ನಮ್ಮ ಗುಂಪಿನಲ್ಲಿ ಚರ್ಚೆಯೇ ಇಲ್ಲದ ನಿಯಮ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ಇದು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಆಗಬಾರದ್ದು ಆಗಿಹೋಗಿತ್ತು. ಬಾಟಲಿ ಹಿಡಿದುಕೊಂಡು ಬಂದರೆ ಯಾರೂ ಬಯ್ಯಲಿಕ್ಕಿಲ್ಲ, ಆದರೆ ಮರುದಿನದಿಂದ ಮಾತಾಡುವುದಿಲ್ಲ.

ಬೇಲಿಗೆ ಹಳೆ ಸೀರೆ ತನ್ನಿ. ನಗಬೇಡಿ, ಹಂದಿಗೆ ಅಷ್ಟೊಂದು ನಾಟದಿದ್ದರೂ ನವಿಲಿಗೆ ಸ್ವಲ್ಪ ತಡೆ. ಲೈನಿನಿಂದ ನೇರ ಕರೆಂಟು ಎಳೆದ ಬೇಲಿ ಯಾರಾದರೂ ಹಾಕಿದರೆ ಅವತ್ತೇ ತೆಗೆಸಿ. ಅದು ಅಪರಾಧ, ರಾತ್ರಿ ನೀರು ಬಿಡಲು ಬಂದವನ ಜೀವ ಹೋಗುತ್ತದೆ.

ಬಿಡುವಾಗ ಸೀರೆ, ಚಪ್ಪರದ ಪ್ಲಾಸ್ಟಿಕ್ ಹಗ್ಗ, ಗೂಟ ಎಲ್ಲ ತೆಗೆದು ಕೊಡಬೇಕು. ಟಿಲ್ಲರಿಗೆ ಹಗ್ಗ ಸುತ್ತಿಕೊಂಡರೆ ಉಳುವವನ ಬಾಯಲ್ಲಿ ನಿಮ್ಮ ಹೆಸರೇ.

ಇನ್ನೊಂದು. ಒಪ್ಪಿಕೊಳ್ಳುವ ಮೊದಲು ನಿಮ್ಮ ಮೂರು ಸೆಂಟ್ಸ್ ಎಲ್ಲಿ ಬರುತ್ತದೆ ಎಂದು ಹೋಗಿ ನೋಡಿ. ಹೊಸಬರಿಗೆ ಸಾಮಾನ್ಯವಾಗಿ ಸಿಗುವುದು ಕಟ್ಟದಿಂದ ದೂರದ ಮೇಲಿನ ತುದಿ. ಹಾಗಾದರೆ ಈ ವರ್ಷ ಬಸಳೆ, ಮುಳ್ಳುಸೌತೆಯ ಆಸೆ ಬಿಟ್ಟು ಅಲಸಂಡೆ, ಹರಿವೆ ಹಾಕಿ, ಬೀಜಕ್ಕೆ ಕೃಷಿಭವನದಲ್ಲಿ ಅಕ್ಟೋಬರಿನಲ್ಲೇ ಕೇಳಿ. ಮುಂದಿನ ದೀಪಾವಳಿಗೆ ಯಾರಾದರೂ ಬಿಟ್ಟರೆ ಕೆಳಗಿನ ತುಂಡು ನನಗೆ ಕೊಡಿ ಎಂದು ಈಗಲೇ ಹೇಳಿಡಿ.