ಓದುಗರ ಪ್ರಶ್ನೆಗಳಿಗೆ ಉತ್ತರ: ಸ್ಕಿಡ್ ರೋ ತಂಡದ ಎರಡನೆಯ ಆಲ್ಬಮ್

ಪ್ರಶ್ನೆ: ಅಮೆರಿಕದ ಗ್ಲ್ಯಾಮ್ ಮೆಟಲ್ (ಥಳಕಿನ ವೇಷದ, ಸುಲಭವಾಗಿ ನಾಲಗೆಗೆ ಹತ್ತುವ ರಾಗಗಳ ಹೆವಿ ಮೆಟಲ್ ರಾಕ್) ಬ್ಯಾಂಡ್ ಸ್ಕಿಡ್ ರೋ 1989ರಲ್ಲಿ ಹೊರತಂದ ಮೊದಲ ಆಲ್ಬಮ್, ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ವಾರದ ಪಟ್ಟಿಯಾದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆರನೆಯ ಸ್ಥಾನದಿಂದ ಮೇಲೇರಲಿಲ್ಲ. 1991ರ ‘ಸ್ಲೇವ್ ಟು ದ ಗ್ರೈಂಡ್’ ಪಟ್ಟಿಗೆ ಬಂದದ್ದೇ ಮೊದಲನೆಯ ಸ್ಥಾನದಲ್ಲಿ. ಹಾಗಿದ್ದರೂ ಹೆಚ್ಚು ಮಾರಾಟವಾದದ್ದು ಮೊದಲ ಆಲ್ಬಮ್ ಎಂದು ಓದಿದ್ದೇನೆ. ಇದು ಹೇಗೆ ಸಾಧ್ಯ?

ಉತ್ತರ: ತಾವು ಓದಿರುವುದು ಸರಿಯಾಗಿಯೇ ಇದೆ. ಅಮೆರಿಕದಲ್ಲಿ ಮೊದಲ ಆಲ್ಬಮಿಗೆ 50 ಲಕ್ಷ ಪ್ರತಿಗಳ, ಎರಡನೆಯದಕ್ಕೆ 20 ಲಕ್ಷ ಪ್ರತಿಗಳ ಅಧಿಕೃತ ಮಾನ್ಯತೆ ದೊರೆತಿದೆ. ಆಗಿನ ಬಿಲ್‌ಬೋರ್ಡ್ ಪಟ್ಟಿಯು ಒಂದು ವಾರದಲ್ಲಿ ಯಾವ ಆಲ್ಬಮ್ ಉಳಿದವುಗಳಿಗಿಂತ ಹೆಚ್ಚು ಮಾರಾಟವಾಯಿತು ಎಂಬುದನ್ನಷ್ಟೇ ಹೇಳುತ್ತಿತ್ತು. ವರ್ಷಗಟ್ಟಲೆ ನಡೆದ ಒಟ್ಟು ಮಾರಾಟ ಅದರಲ್ಲಿ ಕಾಣಿಸುತ್ತಿರಲಿಲ್ಲ. ಮೊದಲ ಆಲ್ಬಮ್ ನಿಧಾನವಾಗಿ ಏರಿತು. ‘18 ಆ್ಯಂಡ್ ಲೈಫ್’ ಹಾಡು ಬಿಡಿ ಹಾಡುಗಳ (ಸಿಂಗಲ್ಸ್) ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೂ ‘ಐ ರಿಮೆಂಬರ್ ಯೂ’ ಆರನೆಯ ಸ್ಥಾನಕ್ಕೂ ತಲುಪಿದವು. ರೇಡಿಯೊ ಮತ್ತು ಎಂಟಿವಿಯಲ್ಲಿ ಅವು ಮತ್ತೆ ಮತ್ತೆ ಪ್ರಸಾರವಾದುದರಿಂದ, ಹೆವಿ ಮೆಟಲ್‌ನ ಗೊಡವೆಯೇ ಇಲ್ಲದವರೂ ಆಲ್ಬಮನ್ನು ಕೊಂಡರು.

ಎರಡನೆಯದರ ಕಥೆ ಬೇರೆ. 1991ರ ಮೇ ತಿಂಗಳವರೆಗೆ ಅಂಗಡಿಯವರು ಹೇಳಿದ ಮಾರಾಟದ ಅಂದಾಜಿನ ಮೇಲೆ ಪಟ್ಟಿ ಸಿದ್ಧವಾಗುತ್ತಿತ್ತು, ಮತ್ತು ಆ ಅಂದಾಜಿನಲ್ಲಿ ಹೆವಿ ಮೆಟಲ್‌ನಂಥ ಪ್ರಕಾರಗಳಿಗೆ ಅವುಗಳ ನಿಜವಾದ ಬೆಲೆ ಸಿಗುತ್ತಿರಲಿಲ್ಲ. ಅದೇ ತಿಂಗಳ ಕೊನೆಗೆ ಸೌಂಡ್‌ಸ್ಕ್ಯಾನ್ ವ್ಯವಸ್ಥೆ ಜಾರಿಗೆ ಬಂದು, ಅಂಗಡಿಯಲ್ಲಿ ಬಾರ್‌ಕೋಡ್ ಓದಿದಾಗ ದಾಖಲಾಗುವ ಮಾರಾಟವೇ ಲೆಕ್ಕಕ್ಕೆ ಆಧಾರವಾಯಿತು. ‘ಸ್ಲೇವ್ ಟು ದ ಗ್ರೈಂಡ್’ ಬಿಡುಗಡೆಯಾದದ್ದು ಅದರ ಬೆನ್ನಿಗೇ, ಜೂನ್‌ನಲ್ಲಿ. ಎರಡು ವರ್ಷಗಳಿಂದ ಕಾದಿದ್ದ ಅಭಿಮಾನಿಗಳು ಮೊದಲ ವಾರವೇ ಮುಗಿಬಿದ್ದು ಕೊಂಡುದನ್ನು ಹೊಸ ವ್ಯವಸ್ಥೆ ಇದ್ದದ್ದು ಇದ್ದಂತೆ ತೋರಿಸಿತು. ಆದರೆ ಈ ಆಲ್ಬಮಿನ ಯಾವ ಹಾಡೂ ಸಿಂಗಲ್ಸ್ ಪಟ್ಟಿಯ ಮೊದಲ 40ರೊಳಗೆ ಬರಲಿಲ್ಲವಾದ್ದರಿಂದ, ಅಭಿಮಾನಿಗಳ ವಲಯದ ಆಚೆಗೆ ಅದನ್ನು ಒಯ್ಯುವ ವಾಹನವೇ ಇರಲಿಲ್ಲ.

ಪ್ರಶ್ನೆ: ಗೆದ್ದ ದಾರಿಯಲ್ಲೇ ಮುಂದುವರಿಯುವುದನ್ನು ಬಿಟ್ಟು ಅವರು ಅಷ್ಟು ಕಠೋರವಾದ ಸಂಗೀತದತ್ತ ಹೊರಳಿದ್ದು ತಪ್ಪಲ್ಲವೇ?

ಉತ್ತರ: ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಗೆದ್ದ ದಾರಿಯಲ್ಲೇ ನಡೆದವರ ಗತಿಯನ್ನೂ ನೋಡಬೇಕು. ಅಮೆರಿಕದ್ದೇ ಮೆಟಲ್ ತಂಡವಾದ ಕ್ವಾಯಟ್ ರಯಟ್‌ನ ‘ಮೆಟಲ್ ಹೆಲ್ತ್’ 1983ರಲ್ಲಿ ಮೊದಲ ಸ್ಥಾನಕ್ಕೇರಿತು. ಅದಕ್ಕೂ ಮುಂಚಿನ ಅವರ ಎರಡು ಆಲ್ಬಮ್‌ಗಳು ಜಪಾನಿನಲ್ಲಷ್ಟೇ ಬಿಡುಗಡೆಯಾಗಿದ್ದುದರಿಂದ, ಅಮೆರಿಕದ ಕೇಳುಗರ ಪಾಲಿಗೆ ಅದೇ ಮೊದಲನೆಯದು. ಅದರ ಗೆಲುವಿನಲ್ಲಿ ದೊಡ್ಡ ಪಾಲು ಬ್ರಿಟನ್ನಿನ ಸ್ಲೇಡ್ ತಂಡದ ಹಳೆಯ ಹಾಡೊಂದರ ಮರುಹಾಡಿಕೆಯದು. ಮರುವರ್ಷದ ಆಲ್ಬಮಿಗೂ ಅವರು ಸ್ಲೇಡ್‌ನದೇ ಇನ್ನೊಂದು ಹಾಡನ್ನು ಆರಿಸಿಕೊಂಡರು. ಮಾರಾಟ ಹಿಂದಿನದರ ಸಮೀಪಕ್ಕೂ ಬರಲಿಲ್ಲ.

ಸ್ಕಿಡ್ ರೋ ವಿಷಯದಲ್ಲಿ ಗಮನಿಸಬೇಕಾದುದೆಂದರೆ, ನಿರ್ಮಾಪಕ ಮೈಕೆಲ್ ವ್ಯಾಗನರ್ ಎರಡೂ ಆಲ್ಬಮ್‌ಗಳಿಗೆ ಒಬ್ಬರೇ. ಬಹುಪಾಲು ಹಾಡುಗಳನ್ನು ಬರೆದವರೂ ಬಾಸ್ ವಾದಕ ರೇಚಲ್ ಬೋಲನ್ ಮತ್ತು ಗಿಟಾರ್ ವಾದಕ ಡೇವ್ ಸಾಬೊ ಅವರೇ. ಆದ್ದರಿಂದ ಈ ಬದಲಾವಣೆಯನ್ನು ಹೊರಗಿನವರು ಹೇರಿದ್ದೆಂದು ಹೇಳಲಾಗದು. ಎರಡನೆಯ ಆಲ್ಬಮಿನ ಶೀರ್ಷಿಕೆ ಗೀತೆಯ ವೇಗ, ಹೆವಿ ಮೆಟಲ್‌ನ ಅತಿವೇಗದ ಕವಲಾದ ಥ್ರ್ಯಾಶ್ ಮೆಟಲ್‌ಗೆ ಹತ್ತಿರವಾದುದು. ಹಾಗೆಂದು ನಿಧಾನಗತಿಯ ಹಾಡುಗಳನ್ನು ಅವರು ಕೈಬಿಡಲಿಲ್ಲ: ‘ಕ್ವಿಕ್‌ಸ್ಯಾಂಡ್ ಜೀಸಸ್’, ‘ಇನ್ ಎ ಡಾರ್ಕನ್ಡ್ ರೂಮ್’, ‘ವೇಸ್ಟೆಡ್ ಟೈಮ್’ ಮೂರೂ ಇದೇ ಆಲ್ಬಮಿನವು. ಅವುಗಳಲ್ಲಿ ಪ್ರಣಯದ ಸವಿಯಿಲ್ಲ, ವಿಷಾದವೇ ಹೆಚ್ಚು. ತಂಡದ ಗಾಯಕ ಸೆಬಾಸ್ಟಿಯನ್ ಬಾಕ್ ಅವರ ಕಂಠದ ಹರವು ನನಗೆ ಪೂರ್ತಿಯಾಗಿ ಕೇಳಿಸುವುದು ‘ವೇಸ್ಟೆಡ್ ಟೈಮ್’ನಲ್ಲಿಯೇ. ರೇಡಿಯೊ ಕೈಹಿಡಿಯಲಿಲ್ಲ ಎಂಬುದು ನಿಜವಾದರೂ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಿರ್ವಾಣ ತಂಡದ ‘ನೆವರ್‌ಮೈಂಡ್’ ಬಂದು ಕೇಳುಗರ ಅಭಿರುಚಿ ಬೇರೆಡೆಗೆ ತಿರುಗಿತು ಎಂಬುದನ್ನು ನೆನೆದರೆ, ‘ಐ ರಿಮೆಂಬರ್ ಯೂ’ವಿನ ಪಡಿಯಚ್ಚೊಂದು ಆಗ ಹೆಚ್ಚು ದಿನ ಬಾಳುತ್ತಿತ್ತೆಂದು ನಂಬುವುದು ಕಷ್ಟ.

ಪ್ರಶ್ನೆ: ನನ್ನ ಬಳಿ ಇರುವ ‘ಸ್ಲೇವ್ ಟು ದ ಗ್ರೈಂಡ್’ ಪ್ರತಿಯಲ್ಲಿ ‘ಬೆಗ್ಗರ್ಸ್ ಡೇ’ ಎಂಬ ಹಾಡಿದೆ, ಗೆಳೆಯರ ಪ್ರತಿಯಲ್ಲಿ ಅದು ಇಲ್ಲ. ನನ್ನದು ನಕಲಿಯೇ?

ಉತ್ತರ: ಆ ಹಾಡಿರುವ ಮಾತ್ರಕ್ಕೆ ನಕಲಿ ಎನ್ನಲಾಗದು. ಆಲ್ಬಮ್ ಎರಡು ರೂಪಗಳಲ್ಲಿ ಬಿಡುಗಡೆಯಾಯಿತು. ಒಂದರಲ್ಲಿ ಶೀರ್ಷಿಕೆಯಲ್ಲೇ ಬೈಗುಳವಿರುವ ಹಾಡೊಂದಿದೆ. ಇನ್ನೊಂದರಲ್ಲಿ ಅದನ್ನು ತೆಗೆದು, ಆ ಜಾಗಕ್ಕೆ ‘ಬೆಗ್ಗರ್ಸ್ ಡೇ’ ಸೇರಿಸಲಾಗಿದೆ.