ಸಂಪಾದಕರ ಉತ್ತರ: ಪಕ್ಕದಲ್ಲಿ ಕುಳಿತವನ ಲೈಫು

ಶಿರಸಿಯ ಓದುಗರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಚೌತಿಗೆ ಊರಿಗೆ ಬಂದ ತಮ್ಮನೊಡನೆ ಅಟ್ಟದ ಮೇಲಿದ್ದ ಹಳೆಯ ಟಿವಿ ಗೇಮನ್ನು ಇಳಿಸಿ, ಊಟದ ಹೊತ್ತು ಮೀರುವವರೆಗೂ ‘ಕಾಂಟ್ರಾ’ ಆಡಿದ್ದನ್ನು ವಿವರಿಸಿ, ಕೊನೆಗೆ ಹೀಗೆ ಕೇಳಿದ್ದಾರೆ: ನಲವತ್ತು ದಾಟಿದವರಿಗೆ ಇದು ಬಾಲ್ಯದ ಹಂಬಲವಲ್ಲದೆ ಮತ್ತೇನು? ಮೊಬೈಲಿನಲ್ಲಿ ಇದಕ್ಕಿಂತ ಎಷ್ಟೋ ಚೆಂದದ ಆಟಗಳಿರುವಾಗ ಮಗನನ್ನೂ ಇದಕ್ಕೆ ಕೂರಿಸಬೇಕೆನ್ನುವುದು ಸರಿಯೇ?

ನಿಮ್ಮ ಪತ್ರ ಸೊಗಸಾಗಿದೆ. ಆದರೆ ನೀವು ಉಂಡ ಸಂತೋಷಕ್ಕೆ ನೀವೇ ಇಷ್ಟು ಸಣ್ಣ ಕಾರಣ ಕೊಟ್ಟದ್ದನ್ನು ನಾನು ಒಪ್ಪಲಾರೆ. ಬಾಲ್ಯದ ಹಂಬಲವೊಂದೇ ಆಗಿದ್ದರೆ ಅದೇ ಕ್ಯಾಸೆಟ್ಟಿನ ಉಳಿದ ಆಟಗಳೂ ನಿಮ್ಮನ್ನು ಹಿಡಿದು ಕೂರಿಸಬೇಕಿತ್ತು. ಅವನ್ನು ಎರಡೇ ನಿಮಿಷಕ್ಕೆ ಬಿಟ್ಟೆವೆಂದು ನೀವೇ ಬರೆದಿದ್ದೀರಿ.

ಜಪಾನಿನ ಕೊನಾಮಿ ಸಂಸ್ಥೆ 1987ರಲ್ಲಿ ನಾಣ್ಯ ಹಾಕಿ ಆಡುವ ಯಂತ್ರಕ್ಕೆ ತಂದ ಕಾಂಟ್ರಾ, ಮರುವರ್ಷವೇ ಮನೆಯ ಟಿವಿಗೂ ಬಂತು. ಬಿಲ್ ಮತ್ತು ಲಾನ್ಸ್ ಎಂಬ ಇಬ್ಬರು ಸೈನಿಕರು, ತಲೆಗೆ ಮೂರು ಲೈಫು, ಅಂದರೆ ಆಡಲು ಮೂರೇ ಅವಕಾಶ, ಒಂದೇ ಗುಂಡು ತಗುಲಿದರೂ ಸಾವು. ಇಷ್ಟು ಕಠಿಣವಾದ ಆಟ ಒಬ್ಬನೇ ಆಡಿದಾಗ ಕೈಚಳಕದ ಪರೀಕ್ಷೆಯಷ್ಟೇ; ಪಕ್ಕದಲ್ಲಿ ಇನ್ನೊಬ್ಬ ಬಂದು ಕುಳಿತ ಕ್ಷಣ ಅದು ಬೇರೆಯೇ ಆಟವಾಗುತ್ತದೆ. ಒಮ್ಮೆಗೆ ಐದು ಗುಂಡುಗಳನ್ನು ಬೀಸಣಿಗೆಯಂತೆ ಚೆಲ್ಲುವ ‘ಎಸ್’ ಗನ್ ಬೀಳುವುದು ಒಂದೇ, ಅದನ್ನು ಬಯಸುವವರು ಇಬ್ಬರು. ಯಾರಿಗೆ ಅದು ಹೆಚ್ಚು ಅಗತ್ಯ, ಯಾರ ಕೈಯಲ್ಲಿ ಅದು ಹೆಚ್ಚು ಹೊತ್ತು ಉಳಿದೀತು ಎಂಬುದನ್ನು ಅರೆಕ್ಷಣದಲ್ಲಿ, ಓಡುತ್ತಲೇ, ತೀರ್ಮಾನಿಸಬೇಕು. ಮೂರನೆಯ ಹಂತದ ಜಲಪಾತವಂತೂ, ಉಂಚಳ್ಳಿಯ ನೆರೆಯವರಾದ ನಿಮಗೆ ನಾನು ಹೇಳಬೇಕಿಲ್ಲ, ಗೆಳೆತನವನ್ನು ಒರೆಗೆ ಹಚ್ಚುವ ಜಾಗ: ಮೇಲಿನವನು ಆತುರದಿಂದ ಏರಿದರೆ ಪರದೆಯೂ ಅವನೊಡನೆ ಏರುತ್ತದೆ, ಕೆಳಗೆ ಉಳಿದವನು ಶತ್ರುವಿನ ಗುಂಡಿಲ್ಲದೆಯೇ ಸಾಯುತ್ತಾನೆ. ಇನ್ನು ಒಬ್ಬನ ಲೈಫು ಮುಗಿದಾಗ ಇನ್ನೊಬ್ಬನ ಪಾಲಿನಿಂದ ಒಂದನ್ನು ತೆಗೆದುಕೊಳ್ಳಬಹುದು. ಕೇಳದೆ ತೆಗೆದುಕೊಂಡವನೊಡನೆ ಎರಡು ದಿನ ಮಾತು ಬಿಟ್ಟ ಹುಡುಗರನ್ನು ನಾನು ಕಂಡಿದ್ದೇನೆ. ತಾನು ಸೋಲುತ್ತೇನೆಂದು ಗೊತ್ತಿದ್ದೂ ಕೊನೆಯದನ್ನು ಬಿಟ್ಟುಕೊಟ್ಟವನನ್ನೂ ಕಂಡಿದ್ದೇನೆ.

ತೊಂಬತ್ತರ ದಶಕದಲ್ಲಿ ಕಾರವಾರದ ಒಂದು ವಿಡಿಯೊ ಗೇಮ್ ಅಂಗಡಿಗೆ, ಹೊರಗೆ ಆಷಾಢದ ಮಳೆ ಹೊಯ್ಯುತ್ತಿರುವಾಗ, ಮೀನುಗಾರರ ಕೇರಿಯ ಹುಡುಗರೂ ನೌಕರರ ಮಕ್ಕಳೂ ಬರುತ್ತಿದ್ದರು. ಒಬ್ಬನದು ಕೊಂಕಣಿ, ಇನ್ನೊಬ್ಬನದು ಕನ್ನಡ, ಪರಸ್ಪರ ಹೆಸರೂ ಗೊತ್ತಿಲ್ಲ. ಆದರೂ ಎರಡನೆಯ ನಾಣ್ಯ ಬಿದ್ದೊಡನೆ, ತಾಳಮದ್ದಳೆಯಲ್ಲಿ ಎದುರು ಕುಳಿತ ಅರ್ಥಧಾರಿಯ ಮಾತಿನ ಜಾಡು ಹಿಡಿಯುವಂತೆ, ಒಬ್ಬನು ಇನ್ನೊಬ್ಬನ ಆಟದ ಜಾಡು ಹಿಡಿಯುತ್ತಿದ್ದನು. 1996ರಲ್ಲಿ ಇದೇ ಬಗೆಯ ‘ಮೆಟಲ್ ಸ್ಲಗ್’ ಆಟ ಬಂದಾಗಲೂ ಇದೇ ಕಥೆ. ಕೈಯಿಂದ ಬಿಡಿಸಿದ ಅದರ ಚಿತ್ರಗಳ ಅಂದವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲೇಬೇಕು. ಆದರೆ ಹುಡುಗರ ನಡುವೆ ಚರ್ಚೆಯಾಗುತ್ತಿದ್ದದ್ದು ಒಬ್ಬನೇ ಕೂರಬಹುದಾದ ಆ ಪುಟ್ಟ ಟ್ಯಾಂಕು ಈ ಸಲ ಯಾರಿಗೆ ಎಂಬುದು.

ಇಂದಿನ ಆಟಗಳಿಗೂ ಅವುಗಳ ಹಿರಿಮೆಯಿದೆ. ಬೆಂಗಳೂರಿನ ತಮ್ಮನೂ ಶಿರಸಿಯ ಅಣ್ಣನೂ ಒಟ್ಟಿಗೆ ಆಡಬಹುದೆಂಬುದು ಸಣ್ಣ ಅನುಕೂಲವಲ್ಲ. ಆದರೆ ಕೆನಡಾದ ಸೋದರರಿಬ್ಬರು ಕಟ್ಟಿದ ‘ಕಪ್‌ಹೆಡ್’ 2017ರಲ್ಲಿ ಬಂದಾಗ, ಒಂದೇ ಪರದೆಯ ಮುಂದೆ ಇಬ್ಬರು ಕೂತು ಆಡುವ ಅದೇ ಕಠಿಣ ಮಾದರಿಯನ್ನು ಕಾಂಟ್ರಾದ ಕಾಲದಲ್ಲಿ ಹುಟ್ಟಿಯೇ ಇರದವರು ಮೆಚ್ಚಿ ಆಡಿದರು. ಅವರಿಗೆ ಯಾವ ಬಾಲ್ಯದ ಹಂಬಲವಿತ್ತು?

ನನ್ನ ಕೊರಗು ಇರುವುದು ಇನ್ನೊಂದು ಕಡೆ. ನಮ್ಮ ಊರುಗಳಲ್ಲಿ ಮಕ್ಕಳು ಹೆಗಲಿಗೆ ಹೆಗಲು ತಾಗಿಸಿ ಕೂರುವ ಜಾಗಗಳನ್ನು ನಾವು ಒಂದೊಂದಾಗಿ ಕಳೆದುಕೊಂಡೆವು. ವಿಡಿಯೊ ಗೇಮ್ ಅಂಗಡಿ ಮುಚ್ಚಿದಾಗ ಪಾಲಕರು ಪೀಡೆ ತೊಲಗಿತೆಂದರು. ಈಗ ಅದೇ ಪಾಲಕರ ಮನೆಯಲ್ಲಿ ಕೋಣೆಗೊಂದು ಪರದೆ, ಕಿವಿಗೊಂದು ಇಯರ್‌ಫೋನ್. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಒಂದೇ ಸೀಟಿನ ಇಬ್ಬರು ಮಕ್ಕಳು ಬೇರೆ ಬೇರೆ ಆಟಗಳಲ್ಲಿ ಮುಳುಗಿ, ಪಕ್ಕದವನು ಗೆದ್ದನೋ ಸೋತನೋ ತಿಳಿಯದೆ ಇಳಿದು ಹೋಗುತ್ತಾರೆ. ಕನ್ನಡದ ಪತ್ರಿಕೆಗಳಾದ ನಾವೂ ಆಟವೆಂದರೆ ಚಟ ಎಂಬ ಒಂದೇ ಮಾತನ್ನು ವರ್ಷಗಟ್ಟಲೆ ಅಚ್ಚು ಹಾಕಿದ್ದೇವೆ. ಯಾವ ಆಟ ಮಕ್ಕಳನ್ನು ಹತ್ತಿರ ತರುತ್ತದೆ, ಯಾವುದು ದೂರ ಮಾಡುತ್ತದೆ ಎಂದು ಬಿಡಿಸಿ ಬರೆಯುವ ಶ್ರಮವನ್ನು ಯಾರೂ ತೆಗೆದುಕೊಳ್ಳಲಿಲ್ಲ.

ಆದ್ದರಿಂದ ಮಗನನ್ನು ಖಂಡಿತ ಕೂರಿಸಿ. ಆಟದ ಗುಂಡಿಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಒತ್ತಿದರೆ 30 ಲೈಫು ಸಿಗುವ ಗುಟ್ಟನ್ನು ಮಾತ್ರ ಈಗಲೇ ಹೇಳಬೇಡಿ. ಕೊನಾಮಿಯ ಕಝುಹಿಸಾ ಹಾಶಿಮೊಟೊ ಆ ಬಗೆಯ ಗುಟ್ಟನ್ನು ಮೊದಲು 1986ರಲ್ಲಿ ‘ಗ್ರಾಡಿಯಸ್’ ಆಟದಲ್ಲಿ ಇಟ್ಟದ್ದು, ಆ ಆಟವನ್ನು ಪರೀಕ್ಷಿಸುವಾಗ ತಮಗೇ ಕಷ್ಟವಾಯಿತೆಂದು. ನಿಮ್ಮ ಮಗನಿಗೆ ಆ ಕಷ್ಟ ಬೇಕು. ಮೂರೇ ಲೈಫಿನಲ್ಲಿ ಆರಂಭಿಸಿ, ಮೊದಲ ‘ಎಸ್’ ಬಿದ್ದಾಗ ಹಿಂದೆ ನಿಂತು ಅವನಿಗೆ ಬಿಡಿ. ಎರಡನೆಯದು ಬಿದ್ದಾಗ ಅವನು ಏನು ಮಾಡಿದನೆಂದು ನಮಗೆ ಮತ್ತೊಂದು ಪತ್ರ ಬರೆಯಿರಿ.