“ಗಿಡದ್ದು ಅಲ್ವಾ ಮೇಡಂ?”

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಆಕೆಯ ವಯಸ್ಸು 26, ಮದುವೆಯಾಗಿ ಎರಡು ವರ್ಷ. ಪಿಸಿಓಎಸ್ ಇದೆ, ಅಂದರೆ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ, ಮುಖದಲ್ಲಿ ಕೂದಲು ಬೆಳೆಯುವ ತೊಂದರೆ. ಮಗು ಬೇಕು. ಅತ್ತೆಯ ಜೊತೆ ನನ್ನ ಹತ್ತಿರ ಸಲಹೆಗೆ ಬಂದಿದ್ದಳು.

ಕೂತವಳೇ ಬ್ಯಾಗಿನಿಂದ ಒಂದೊಂದೇ ತೆಗೆದಿಟ್ಟಳು. ಬರ್ಬೆರಿನ್ ಕ್ಯಾಪ್ಸೂಲಿನ ಡಬ್ಬಿ, ಚಕ್ಕೆ ಪುಡಿ, ಪುದೀನ ಟೀ. ಕೊನೆಗೆ, ಡಾಕ್ಟರು ಬರೆದುಕೊಟ್ಟಿದ್ದ, ರಕ್ತದ ಸಕ್ಕರೆ ಇಳಿಸುವ, ಎರಡೇ ಮಾತ್ರೆ ಖಾಲಿಯಾಗಿದ್ದ ಮೆಟ್‌ಫಾರ್ಮಿನ್ ಸ್ಟ್ರಿಪ್.

“ಇಂಗ್ಲಿಷ್ ಮಾತ್ರೆ ಬಿಟ್ಟೆ. ಇವೆಲ್ಲ ಗಿಡದ್ದು ಅಲ್ವಾ ಮೇಡಂ?”

ಕೊನೇ ಸಲ ಮುಟ್ಟಾಗಿದ್ದು ಯಾವಾಗ ಎಂದೆ. ಮೊಬೈಲಿನ ಕ್ಯಾಲೆಂಡರ್ ಹಿಂದಕ್ಕೆ ಸರಿಸುತ್ತಲೇ ಹೋದಳು. ನಾಲ್ಕು ತಿಂಗಳಾಗಿತ್ತು. ಇನ್ನೊಂದು ಕೈ ದುಪಟ್ಟಾದಿಂದ ಗದ್ದ ಮುಚ್ಚಿಕೊಂಡೇ ಇತ್ತು.

ಅತ್ತೆಯವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ. ಆಮೇಲೆ ನಿಜ ಬಾಯಿಗೆ ಬಂತು. ಮೆಟ್‌ಫಾರ್ಮಿನ್ ತಗೊಂಡರೆ ಭೇದಿ. ಕೂಡುಕುಟುಂಬ, ಮನೆಗೆಲ್ಲ ಒಂದೇ ಟಾಯ್ಲೆಟ್ಟು. ಡಾಕ್ಟರಿಗೆ ಹೇಳೋಕೆ ನಾಚಿಕೆ.

ನಾನು ಬೈಯಲಿಲ್ಲ. “ನೋಡಮ್ಮ, ಮೆಟ್‌ಫಾರ್ಮಿನ್ನಿನ ಮೂಲವೂ ಗಿಡವೇ. ಯುರೋಪಿನ ಗಲೇಗಾ ಅನ್ನೋ ಗಿಡದ ಒಂದು ಅಂಶದ ಜಾಡು ಹಿಡಿದು ಮಾಡಿದ ಔಷಧಿ ಅದು. ಬರ್ಬೆರಿನ್ ನಮ್ಮ ಮರದರಿಶಿನದ ಹಳದಿ ಅಂಶ. ಅದೂ ಸಕ್ಕರೆ ಇಳಿಸುತ್ತೆ. ಕೆಲಸ ಮಾಡೋ ವಸ್ತು ಅಂದಮೇಲೆ ಔಷಧಿಯೇ ಅಲ್ವಾ? ಅದರಿಂದಲೂ ಭೇದಿ ಆಗಬಹುದು. ಬೇರೆ ಮಾತ್ರೆಗಳ ಜೊತೆ ತಿಕ್ಕಾಟ ಆಗಬಹುದು. ಬಸುರಿಯರಂತೂ ತಗೊಳ್ಳಲೇಬಾರದು, ಹುಟ್ಟೋ ಮಗುವಿಗೆ ಕಾಮಾಲೆ ಜಾಸ್ತಿಯಾಗೋ ಅಪಾಯ ಇದೆ.”

ಆಕೆ ಡಬ್ಬಿಯನ್ನು ಮೆಲ್ಲಗೆ ದೂರ ಸರಿಸಿದಳು.

ಪುದೀನ ಟೀ ಕುಡಿ ಎಂದೆ. ಆದರೆ ಅದರ ಮೇಲೆ ಪೂರ್ತಿ ಭರವಸೆ ಬೇಡ. 2010ರ ಒಂದು ಸಣ್ಣ ಅಧ್ಯಯನದಲ್ಲಿ 30 ದಿನ, ದಿನಕ್ಕೆರಡು ಸಲ ಕುಡಿದವರಲ್ಲಿ ಗಂಡು ಹಾರ್ಮೋನ್ ಇಳಿದಿತ್ತು. ಮುಖದ ಕೂದಲು ಮಾತ್ರ ಅಳತೆಯಲ್ಲಿ ಕಡಿಮೆಯಾಗಿರಲಿಲ್ಲ. ಕೂದಲು ಕಡಿಮೆಯಾಗೋವರೆಗೆ ಥ್ರೆಡಿಂಗ್ ಮಾಡಿಸಿಕೋ, ಅದರಲ್ಲಿ ತಪ್ಪೇನಿದೆ?

ನನಗೆ ಚಿಂತೆಯಾಗಿದ್ದು ಆ ನಾಲ್ಕು ತಿಂಗಳು. ಮೂರು ತಿಂಗಳು ದಾಟಿಯೂ ಮುಟ್ಟಾಗದಿದ್ದರೆ ಸುಮ್ನೆ ಕಾಯಬಾರದು. ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಬಹುದು. ಬರ್ಬೆರಿನ್ ಇವತ್ತೇ ನಿಲ್ಲಿಸು, ಮೊದಲು ಗರ್ಭಪರೀಕ್ಷೆ, ಈ ವಾರವೇ ಹೆಂಗಸರ ಡಾಕ್ಟರು ಎಂದೆ. ಎಲ್ಲ ಡಬ್ಬಿಗಳನ್ನೂ ಅವರ ಮುಂದಿಡಬೇಕು. ಭೇದಿಯ ವಿಷಯ ಹೇಳೋಕೆ ಆಗದಿದ್ದರೆ ಚೀಟಿಯಲ್ಲಿ ಬರೆದುಕೊಡು ಎಂದೆ. ಅಲ್ಲೇ ಕೂತು ಬರೆದಳು, ಎರಡೇ ಸಾಲು.

ಮೂರು ವಾರಕ್ಕೆ ಮತ್ತೆ ಬಂದಳು. ಗರ್ಭ ನಿಂತಿರಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆಯಿಂದ ಮುಟ್ಟಾಗಿತ್ತು. ಮೆಟ್‌ಫಾರ್ಮಿನ್ನನ್ನು ನಿಧಾನವಾಗಿ ಕರಗುವ ಬಗೆಗೆ ಬದಲಿಸಿ, ಕಡಿಮೆ ಡೋಸಿನಿಂದ, ಊಟದ ಜೊತೆ ಶುರು ಮಾಡಿಸಿದ್ದರು. ಈಗ ಹೊಟ್ಟೆ ಸುಮಾರಾಗಿದೆಯಂತೆ. ಮಾತಾಡುವಾಗ ದುಪಟ್ಟಾ ಹೆಗಲ ಮೇಲೇ ಇತ್ತು.